ಪೆಡಲಿನ ದರ್ಜೆ, ನೆಲದ ಗುಣ

ಒಂದು ಜೊತೆ ಪೆಡಲಿನ ಬೆಲೆ ಒಂದು ಇಡೀ ಸೈಕಲ್ಲಿನ ಬೆಲೆಯನ್ನು ಮೀರಬಹುದೆಂದರೆ ಹಳ್ಳಿಯ ಹಿರಿಯರು ನಂಬಲಿಕ್ಕಿಲ್ಲ. ಆದರೆ ಅದು ನಿಜ. ರಸ್ತೆ ಸ್ಪರ್ಧೆಯ ಸೈಕಲ್ಲುಗಳಿಗೆಂದು ತಯಾರಾಗುವ ಮೇಲ್ದರ್ಜೆಯ ಕ್ಲಿಪ್‌ಲೆಸ್ ಪೆಡಲುಗಳಿಗೆ ತೆರುವ ಹಣದಲ್ಲಿ ಶಾಲೆಗೆ ಹೋಗುವ ಹುಡುಗಿಗೋ ಹುಡುಗನಿಗೋ ಒಂದು ಗಟ್ಟಿಮುಟ್ಟಾದ ಸಾದಾ ಸೈಕಲ್ಲನ್ನು ಕೊಂಡು, ಅದಕ್ಕೆ ಬೀಗ, ದೀಪ, ಗಾಳಿ ಪಂಪುಗಳನ್ನು ಸೇರಿಸಿದ ಮೇಲೂ ಒಂದಿಷ್ಟು ಉಳಿದೀತು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳ ರಸ್ತೆಗಳಲ್ಲಿ ಇಂದು ಎರಡು ಬಗೆಯ ಸೈಕಲ್ ಸವಾರರು ಕಾಣಸಿಗುತ್ತಾರೆ. ಮೊದಲನೆಯವರು ಕೆಲಸಕ್ಕೆ, ಡೈರಿಗೆ, ಮೀನು ಮಾರಾಟಕ್ಕೆ, ಶಾಲೆಗೆ ಸೈಕಲ್ಲನ್ನೇ ನೆಚ್ಚಿಕೊಂಡವರು. ಅವರ ಸಂಖ್ಯೆ ಕುಗ್ಗುತ್ತಿದೆ. ಎರಡನೆಯವರು ಹವ್ಯಾಸಿಗಳು. ಭಾನುವಾರದ ನಸುಕಿನಲ್ಲಿ ಹೆಲ್ಮೆಟ್ಟು ತೊಟ್ಟು ತ್ರಾಸಿ, ಮರವಂತೆಗಳ ಕಡಲ ಬದಿಯ ದಾರಿ ಹಿಡಿಯುವವರು; ಕೊಲ್ಲೂರಿನಿಂದ ಮೇಲಕ್ಕೆ, ಹೊಸಂಗಡಿಯಿಂದ ಹುಲಿಕಲ್ಲಿಗೆ, ಹೆಬ್ರಿ ದಾಟಿ ಆಗುಂಬೆಗೆ ಘಾಟಿ ಏರುವವರು. ಇವರ ಸಂಖ್ಯೆ ಬೆಳೆಯುತ್ತಿದೆ. ಹೊಗೆಯುಗುಳದ ವಾಹನವನ್ನು ಯಾರು ಏರಿದರೂ ಪರಿಸರದ ದೃಷ್ಟಿಯಿಂದ ಅದು ಸ್ವಾಗತಾರ್ಹವೇ.

ಈ ಎರಡನೆಯ ಗುಂಪಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಗಳನ್ನೂ ಯುವ ನೌಕರರನ್ನೂ ಕಾಡುವ ಪ್ರಶ್ನೆಯೊಂದಿದೆ: ಪೆಡಲು ಮೇಲ್ದರ್ಜೆಯದೇ ಆಗಬೇಕೆ, ಮಧ್ಯಮ ದರ್ಜೆಯದು ಸಾಲದೆ? ಕಾಡು, ನದಿ, ಗದ್ದೆಗಳ ಅಳಿವು ಉಳಿವನ್ನು ಚರ್ಚಿಸುವ ಪುಟಗಳಲ್ಲಿ ಈ ಪ್ರಶ್ನೆಗೆ ಏನು ಸ್ಥಾನ ಎಂದು ಕೇಳುವವರಿರಬಹುದು. ವಸ್ತುವೊಂದನ್ನು ಅದರ ದರ್ಜೆ ನೋಡಿ ಕೊಳ್ಳಬೇಕೋ, ಅದು ಕೆಲಸ ಮಾಡಬೇಕಾದ ನೆಲವನ್ನು ನೋಡಿ ಕೊಳ್ಳಬೇಕೋ ಎಂಬುದು ಬೀಜ, ಗೊಬ್ಬರ, ಪಂಪುಸೆಟ್ಟುಗಳಿಗೆ ಹೇಗೋ ಹಾಗೆಯೇ ಪೆಡಲಿಗೂ ಅನ್ವಯಿಸುವ ವಿಚಾರ. ಜೊತೆಗೆ ಈ ಆಯ್ಕೆಯಲ್ಲಿ ಸವಾರರ ಜೀವದ ಪ್ರಶ್ನೆಯೂ ಅಡಗಿದೆ.

ಹೆಸರಿನ ಗೊಂದಲ

ಕ್ಲಿಪ್‌ಲೆಸ್ ಎಂದರೆ ಕ್ಲಿಪ್ಪು ಇಲ್ಲದ್ದು ಎಂದರ್ಥ. ಆದರೆ ಈ ಪೆಡಲು ಬೂಟನ್ನು ಹಿಡಿದುಕೊಳ್ಳುತ್ತದೆ. ಹಿಂದೆ ಸ್ಪರ್ಧಾಳುಗಳು ಪೆಡಲಿನ ಮುಂದೆ ಲೋಹದ ಪಂಜರವೊಂದನ್ನು ಕೂರಿಸಿ, ಚರ್ಮದ ಪಟ್ಟಿಯಿಂದ ಪಾದವನ್ನು ಬಿಗಿಯುತ್ತಿದ್ದರು. ಆ ಪಂಜರಕ್ಕೆ ಕ್ಲಿಪ್ಪು ಎಂದು ಹೆಸರು. ಅದನ್ನು ಕಿತ್ತೊಗೆದು ಬಂದ ಹೊಸ ಪೆಡಲಿಗೆ ಕ್ಲಿಪ್‌ಲೆಸ್ ಎಂಬ ಹೆಸರು ಅಂಟಿಕೊಂಡಿತು.

ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟನ್ನು ಬಂಧಿಸುವ ಸಾಧನಗಳನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ ಅದೇ ತತ್ವವನ್ನು ಸೈಕಲ್ಲಿಗೆ ಅಳವಡಿಸಿ 1984ರಲ್ಲಿ ಈ ಬಗೆಯ ಪೆಡಲನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ, ಅಂದರೆ 1985ರಲ್ಲಿ, ಬರ್ನಾರ್ಡ್ ಹಿನೋ ಅದನ್ನು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ ಬಳಿಕ ಅದು ಜಗತ್ತಿನಲ್ಲೆಲ್ಲ ಹರಡಿತು. ಜಪಾನಿನ ಶಿಮಾನೊ ಕಂಪನಿ 1990ರಲ್ಲಿ ಎಸ್‌ಪಿಡಿ ಎಂಬ ಇನ್ನೊಂದು ವಿಧವನ್ನು ತಂದಿತು.

ಇದರ ಕಾರ್ಯವಿಧಾನ ಸರಳವಾದುದು. ಬೂಟಿನ ಅಡಿಗೆ ಕ್ಲೀಟು ಎಂಬ ಸಣ್ಣ ತುಂಡನ್ನು ತಿರುಪುಗಳಿಂದ ಬಿಗಿದಿರುತ್ತಾರೆ. ಪೆಡಲನ್ನು ತುಳಿದಾಗ ಕ್ಲೀಟು ಸ್ಪ್ರಿಂಗಿನ ಹಿಡಿತದೊಳಗೆ ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ಇವುಗಳಲ್ಲಿ ಎರಡು ಕುಲಗಳಿವೆ. ರಸ್ತೆ ಸ್ಪರ್ಧೆಯದು ಮೂರು ತಿರುಪಿನ, ಅಗಲವಾದ ಪ್ಲಾಸ್ಟಿಕ್ ಕ್ಲೀಟು. ಇದು ಬೂಟಿನ ತಳದಿಂದ ಹೊರಚಾಚಿರುತ್ತದೆ. ಎಸ್‌ಪಿಡಿಯದು ಎರಡು ತಿರುಪಿನ, ಚಿಕ್ಕದಾದ ಉಕ್ಕಿನ ಕ್ಲೀಟು. ಇದು ಬೂಟಿನ ರಬ್ಬರಿನ ಹಲ್ಲುಗಳ ನಡುವೆ ಹುದುಗಿರುವುದರಿಂದ ಸವಾರ ಇಳಿದು ಸಾಮಾನ್ಯ ಬೂಟಿನಂತೆಯೇ ನಡೆಯಬಹುದು. ಮೇಲ್ದರ್ಜೆಯೋ ಮಧ್ಯಮ ದರ್ಜೆಯೋ ಎಂದು ಯೋಚಿಸುವ ಮೊದಲು ಈ ಕುಲಭೇದವನ್ನು ಅರಿತುಕೊಳ್ಳುವುದು ಅಗತ್ಯ.

ಮೂವತ್ತೇಳು ಗ್ರಾಂಗಳ ಲೆಕ್ಕ

ಬೆಲೆ ಏರಿದಂತೆ ದೊರಕುವುದೇನು? ಒಂದೇ ಕಂಪನಿಯ ಎರಡು ದರ್ಜೆಗಳನ್ನು ಹೋಲಿಸಿದರೆ ಉತ್ತರ ಸ್ಪಷ್ಟವಾಗುತ್ತದೆ. ಶಿಮಾನೊದ ರಸ್ತೆ ಪೆಡಲುಗಳಲ್ಲಿ ಡ್ಯೂರಾ-ಏಸ್ ಎಂಬುದು ತುತ್ತತುದಿಯ ದರ್ಜೆ, 105 ಎಂಬುದು ಮಧ್ಯಮ ದರ್ಜೆ. ಡ್ಯೂರಾ-ಏಸ್ ಆರ್9100 ಮಾದರಿಯ ಒಂದು ಜೊತೆ ಸುಮಾರು 228 ಗ್ರಾಂ, 105 ಆರ್7000 ಮಾದರಿಯ ಜೊತೆ ಸುಮಾರು 265 ಗ್ರಾಂ ತೂಗುತ್ತವೆ. ವ್ಯತ್ಯಾಸ 37 ಗ್ರಾಂ. ಎರಡರ ಒಡಲೂ ಕಾರ್ಬನ್ ಮಿಶ್ರಿತ ಪ್ಲಾಸ್ಟಿಕ್ಕಿನದೇ. ಎರಡಕ್ಕೂ ಕ್ಲೀಟು ಒಂದೇ. ಹಿಡಿತದ ಬಿಗಿಯನ್ನು ಎರಡರಲ್ಲೂ ಬೇಕಾದಂತೆ ಹೊಂದಿಸಬಹುದು. ಬೆಲೆ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು.

ಈ 37 ಗ್ರಾಂ ಘಾಟಿ ಏರುವಾಗ ಎಷ್ಟು ನೆರವಾದೀತು? ಸವಾರ, ಸೈಕಲ್ಲು, ನೀರು, ಬುತ್ತಿ ಎಲ್ಲ ಸೇರಿ 80 ಕಿಲೋ ಎಂದಿಟ್ಟುಕೊಳ್ಳೋಣ. 37 ಗ್ರಾಂ ಎಂದರೆ ಅದರ ಎರಡು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದು ಗಂಟೆ ಹಿಡಿಯುವ ಏರಿನಲ್ಲಿ ಇದರಿಂದ ಉಳಿಯುವ ಸಮಯ ಎರಡು ಸೆಕೆಂಡನ್ನೂ ಮುಟ್ಟದು. ಶಕ್ತಿಯ ಲೆಕ್ಕದಲ್ಲಿ ನೋಡಿದರೂ ಅಷ್ಟೇ. 37 ಗ್ರಾಂ ತೂಕವನ್ನು 600 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾಗುವ ಶಕ್ತಿ ಸುಮಾರು 218 ಜೂಲ್. ದೇಹ ತಿಂದ ಆಹಾರದ ಕಾಲು ಪಾಲನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತದೆಂದು ಹಿಡಿದರೂ, ಅದಕ್ಕೆ ಒಂದು ಗ್ರಾಂ ಬೆಲ್ಲದ ಹದಿನೈದರಲ್ಲೊಂದು ಪಾಲು ಧಾರಾಳವಾಗಿ ಸಾಕು. ಹೊರಡುವ ಮುನ್ನ ನೀರಿನ ಬಾಟಲಿಯಿಂದ ಒಂದೆರಡು ಗುಟುಕು ಕುಡಿದರೆ ಅಷ್ಟು ತೂಕ ಸೈಕಲ್ಲಿನಿಂದ ಇಳಿದುಹೋಗುತ್ತದೆ.

ಜಗತ್ತಿನ ಅಗ್ರಗಣ್ಯ ಸ್ಪರ್ಧಿಗಳಿಗೆ ಎರಡು ಸೆಕೆಂಡು ದೊಡ್ಡದೇ. ಆದರೆ ಹವ್ಯಾಸಿಗಳಲ್ಲಿ ಅನೇಕರು ಗುರಿಯಾಗಿಟ್ಟುಕೊಳ್ಳುವ ಬ್ರೆವೆ ಸವಾರಿಯಲ್ಲಿ 200 ಕಿಲೋಮೀಟರಿಗೆ ನೀಡುವ ಅವಧಿ ಹದಿಮೂರೂವರೆ ಗಂಟೆ, 300 ಕಿಲೋಮೀಟರಿಗೆ 20 ಗಂಟೆ. ಅಲ್ಲಿ ಮೊದಲನೆಯವರು, ಎರಡನೆಯವರು ಎಂಬ ಸ್ಥಾನಗಳೇ ಇಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲ ಸಮಾನರು. ಅಂಥ ಸವಾರಿಯಲ್ಲಿ ಎರಡು ಸೆಕೆಂಡಿನ ಉಳಿತಾಯಕ್ಕೆ ಅರ್ಥವೇನು?

ಅಷ್ಟೇಕೆ, ಕ್ಲಿಪ್‌ಲೆಸ್ ಪೆಡಲು ಸವಾರನ ಶಕ್ತಿಯನ್ನು ಬಹಳವಾಗಿ ಉಳಿಸುತ್ತದೆಂಬ ನಂಬಿಕೆಯೂ ಪರೀಕ್ಷೆಗೆ ಪೂರ್ತಿ ನಿಂತಿಲ್ಲ. ಏಕರೀತಿಯ, ಮಿತವಾದ ವೇಗದಲ್ಲಿ ತುಳಿಯುವಾಗ ಸಾದಾ ಚಪ್ಪಟೆ ಪೆಡಲಿಗೂ ಇದಕ್ಕೂ ದೇಹ ವ್ಯಯಿಸುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲವೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಪಾದ ಜಾರದಿರುವುದು, ಮಳೆಯಲ್ಲೂ ಒಂದೇ ಜಾಗದಲ್ಲಿ ನಿಲ್ಲುವುದು, ಥಟ್ಟನೆ ಜೋರು ತುಳಿಯುವಾಗ ಹಿಡಿತ ಸಿಗುವುದು, ಇವು ಅದರ ನಿಜವಾದ ಗುಣಗಳು. ಈ ಗುಣಗಳೆಲ್ಲ ಮಧ್ಯಮ ದರ್ಜೆಯ ಪೆಡಲಿನಲ್ಲೂ ಇವೆ.

ಕೃಷಿ ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಜರ್ಮನಿಯ ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚುರಪಡಿಸಿದ ಕನಿಷ್ಠ ನಿಯಮವನ್ನು ಬಲ್ಲರು. ಗಿಡದ ಬೆಳವಣಿಗೆಯನ್ನು ತಡೆಹಿಡಿಯುವುದು ಅತ್ಯಂತ ಕೊರತೆಯಿರುವ ಪೋಷಕಾಂಶ. ಉಳಿದವನ್ನು ಎಷ್ಟು ಸುರಿದರೂ ಇಳುವರಿ ಏರದು. ಕರಾವಳಿಯ ಹುಳಿ ಮಣ್ಣಿನಲ್ಲಿ ಇದು ಕಣ್ಣಿಗೆ ಕಾಣುವ ಸತ್ಯ. ಮುರಕಲ್ಲಿನ ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಟ್ಟುಬಿಡುತ್ತವೆ. ಸುಣ್ಣ ಹಾಕಿ ಹುಳಿ ತಗ್ಗಿಸದೆ ದುಬಾರಿ ರಂಜಕ ಗೊಬ್ಬರವನ್ನು ಇಮ್ಮಡಿ ಮಾಡಿದವರ ಹಣ ಮಣ್ಣುಪಾಲಾಗುತ್ತದೆ. ಸೈಕಲ್ಲಿಗೂ ಈ ನಿಯಮ ಸಲ್ಲುತ್ತದೆ. ಸವೆದ ಬ್ರೇಕ್ ಶೂ, ಗಾಳಿ ಕಡಿಮೆಯಾದ ಚಕ್ರ, ಎಣ್ಣೆ ಕಾಣದ ಚೈನು, ಅಳತೆಗೆ ಹೊಂದದ ಸೀಟು ಇರುವಾಗ ಪೆಡಲಿನ ದರ್ಜೆಯನ್ನು ಏರಿಸಿ ಫಲವೇನು?

ಮೇಲ್ದರ್ಜೆಯ ಪರವಾದ ವಾದ

ಇಷ್ಟು ಹೇಳಿದ ಮಾತ್ರಕ್ಕೆ ಮೇಲ್ದರ್ಜೆಯ ಪೆಡಲು ಬರಿಯ ಆಡಂಬರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಬೇರಿಂಗುಗಳ ಓಟ ನಯವಾದುದು, ಬಿಡಿಭಾಗಗಳ ಅಳತೆ ಕರಾರುವಾಕ್ಕಾದುದು. ವರ್ಷಕ್ಕೆ ಹತ್ತಾರು ಸಾವಿರ ಕಿಲೋಮೀಟರ್ ತುಳಿಯುವವರಿಗೆ, ರಾಜ್ಯ ಅಥವಾ ರಾಷ್ಟ್ರಮಟ್ಟದ ಸ್ಪರ್ಧೆಗೆ ಇಳಿಯುವವರಿಗೆ ಅದು ಸಲ್ಲಬಹುದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತ ಕುಟುಂಬಗಳಿಂದ ಬಂದು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ ಸೈಕಲ್ ಪಟುಗಳಿಗೆ ಒಳ್ಳೆಯ ಸಲಕರಣೆ ಬೇಡವೆಂದು ಯಾರೂ ಹೇಳಲಾರರು.

ಆದರೆ ಮೇಲ್ದರ್ಜೆ ಎಂದರೆ ಹೆಚ್ಚು ಗಟ್ಟಿ ಎಂಬ ಸಾಮಾನ್ಯ ತಿಳಿವಳಿಕೆ ಮಾತ್ರ ಸರಿಯಲ್ಲ. ತೂಕ ಇಳಿಸಲೆಂದು ಟೈಟಾನಿಯಂ ಅಚ್ಚನ್ನು ಬಳಸುವ ಕೆಲವು ದುಬಾರಿ ಪೆಡಲುಗಳಿಗೆ ಸವಾರನ ತೂಕ ಇಷ್ಟನ್ನು ಮೀರಬಾರದೆಂದು ತಯಾರಕರೇ ಮಿತಿ ಹಾಕಿದ್ದಾರೆ. ಸಾದಾ ಉಕ್ಕಿನ ಅಚ್ಚಿಗೆ ಆ ಭಯ ಕಡಿಮೆ. ಇನ್ನು ತೀರ ಅಗ್ಗದ, ಹೆಸರಿಲ್ಲದ ಪೆಡಲುಗಳನ್ನೂ ದೂರವಿಡುವುದೇ ಲೇಸು. ಸ್ಪ್ರಿಂಗು ಸರಿಯಿಲ್ಲದ ಪೆಡಲು ಬೇಡದ ಹೊತ್ತಿನಲ್ಲಿ ಬಿಟ್ಟುಕೊಡುತ್ತದೆ, ಬೇಕಾದ ಹೊತ್ತಿನಲ್ಲಿ ಬಿಡುವುದಿಲ್ಲ. ಮಧ್ಯಮ ದರ್ಜೆಯೆಂದರೆ ಅಗ್ಗದ್ದು ಎಂದಲ್ಲ. ಕೆಲಸಕ್ಕೆ ಬೇಕಾದ ಎಲ್ಲವೂ ಇದ್ದು, ಅಲ್ಲಿಂದ ಮುಂದಿನ ಪ್ರತಿ ರೂಪಾಯಿಗೂ ಸಿಗುವ ಪ್ರಯೋಜನ ಕುಸಿಯತೊಡಗುವ ಹಂತವೇ ಮಧ್ಯಮ ದರ್ಜೆ.

ಮಳೆ, ಉಪ್ಪು, ಮುರಕಲ್ಲು

ಈಗ ನೆಲದ ಕಡೆಗೆ ಬರೋಣ. ಯೂರೋಪಿನ ಒಣ, ನುಣುಪು ರಸ್ತೆಯಲ್ಲಿ ಪರೀಕ್ಷಿಸಿದ ವಸ್ತುವನ್ನು ಈ ಮೂರು ತಾಲ್ಲೂಕುಗಳಲ್ಲಿ ಬಳಸುವಾಗ ಮೂರು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮೊದಲನೆಯದು ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ನಾಡಿದು. ಘಾಟಿಯ ಮೇಲಿನ ಹುಲಿಕಲ್ಲು, ಆಗುಂಬೆಗಳಲ್ಲಂತೂ ಇನ್ನೂ ಹೆಚ್ಚು. ಚಕ್ರದಿಂದ ಚಿಮ್ಮುವ ಕೆಸರುನೀರು ಪೆಡಲಿನ ಅಚ್ಚಿನೊಳಗೆ ನುಗ್ಗಿ ಗ್ರೀಸನ್ನು ತೊಳೆದುಹಾಕುತ್ತದೆ. ಪೆಡಲು ಎಷ್ಟು ಬೆಲೆಯದೇ ಆಗಲಿ, ಮಳೆಗಾಲ ಮುಗಿದ ಮೇಲೆ ಬಿಚ್ಚಿ, ಒರಸಿ, ಹೊಸ ಗ್ರೀಸು ತುಂಬದಿದ್ದರೆ ಬೇರಿಂಗು ಕೂಗತೊಡಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ತೂಕದ್ದಲ್ಲ. ಇದರ ಅಚ್ಚನ್ನು ಬಿಚ್ಚಲು ಬೇಕಾದ ಸಾಧನ ಊರಿನಲ್ಲಿ ಯಾರ ಬಳಿ ಇದೆ, ಕ್ಲೀಟು ಸವೆದರೆ ಹೊಸದು ಎಲ್ಲಿ ಸಿಗುತ್ತದೆ ಎಂಬುದನ್ನು ಕೇಳಬೇಕು.

ಎರಡನೆಯದು ಉಪ್ಪು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕಣ್ಣಿಗೆ ಹಬ್ಬವಾದ ಈ ನೋಟ ಲೋಹಕ್ಕೆ ಶತ್ರು. ಉಪ್ಪು ಬೆರೆತ ತೇವದಲ್ಲಿ ಉಕ್ಕಿನ ಅಚ್ಚು ಅಲ್ಯೂಮಿನಿಯಂ ಕ್ರ್ಯಾಂಕಿನೊಳಗೆ ಕಚ್ಚಿಕೊಂಡರೆ ಮತ್ತೆ ಬಿಡಿಸುವುದು ದುಸ್ಸಾಧ್ಯ. ಪೆಡಲನ್ನು ಕೂರಿಸುವಾಗಲೇ ಥ್ರೆಡ್ಡಿಗೆ ಗ್ರೀಸು ಹಚ್ಚುವುದು, ಕಡಲ ಬದಿಯ ಸವಾರಿಯ ಬಳಿಕ ಸಿಹಿನೀರಿನಲ್ಲಿ ತೊಳೆದು ಒರಸುವುದು, ಇವೆರಡೇ ಇದಕ್ಕೆ ಪರಿಹಾರ. ಬಿಚ್ಚುವಾಗ ಒಂದು ಮಾತನ್ನು ನೆನಪಿಡಬೇಕು: ಎಡ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆ. ತುಳಿಯುವಾಗ ತಾನಾಗಿ ಸಡಿಲಗೊಳ್ಳದಿರಲೆಂದು ಮಾಡಿದ ಏರ್ಪಾಡು ಅದು. ಇದನ್ನರಿಯದೆ ಬಲ ಹಾಕಿ ಕ್ರ್ಯಾಂಕನ್ನೇ ಕೆಡಿಸಿಕೊಂಡವರುಂಟು.

ಮೂರನೆಯದು ಮುರಕಲ್ಲು. ಇಲ್ಲಿಯ ಸವಾರ ದಾರಿಯುದ್ದಕ್ಕೂ ಇಳಿಯಬೇಕಾಗುತ್ತದೆ. ಕಾಮಗಾರಿಯ ಜಾಗದಲ್ಲಿ, ಘಾಟಿಯಲ್ಲಿ ಮರ ಬಿದ್ದೆಡೆ, ದೋಣಿಯ ಧಕ್ಕೆಯಲ್ಲಿ, ದೇವಸ್ಥಾನದ ಮುಂದೆ, ಮನೆಯಂಗಳಕ್ಕೆ ಹೋಗುವ ಮುರಕಲ್ಲಿನ ಮೆಟ್ಟಿಲುಗಳ ಮೇಲೆ ನಡೆಯಬೇಕಾಗುತ್ತದೆ. ಮೂರು ತಿರುಪಿನ ಪ್ಲಾಸ್ಟಿಕ್ ಕ್ಲೀಟು ಒರಟು ಮುರಕಲ್ಲಿನ ಮೇಲೆ ಬೇಗ ಸವೆಯುತ್ತದೆ. ಪಾಚಿಗಟ್ಟಿದ ಧಕ್ಕೆಯ ಮೇಲೆ ಜಾರುತ್ತದೆ. ಕೆಸರು ತುಂಬಿಕೊಂಡರೆ ಪೆಡಲನ್ನು ಕಚ್ಚುವುದೇ ಇಲ್ಲ. ಬೂಟಿನೊಳಗೆ ಹುದುಗಿದ ಎರಡು ತಿರುಪಿನ ಉಕ್ಕಿನ ಕ್ಲೀಟು ಈ ಎಲ್ಲವನ್ನೂ ತಾಳಿಕೊಳ್ಳುತ್ತದೆ. ಹೀಗಾಗಿ ಇಲ್ಲಿಯ ನೆಲಕ್ಕೆ ಒಪ್ಪುವುದು ಮೇಲ್ದರ್ಜೆಯ ರಸ್ತೆ ಪೆಡಲೂ ಅಲ್ಲ, ಮಧ್ಯಮ ದರ್ಜೆಯ ರಸ್ತೆ ಪೆಡಲೂ ಅಲ್ಲ. ಬೆಟ್ಟದ ಸೈಕಲ್ಲಿಗೆಂದು ಮಾಡಿದ, ಎರಡೂ ಮುಖದಲ್ಲಿ ಕಚ್ಚುವ ಎಸ್‌ಪಿಡಿ ಪೆಡಲು. ಶಿಮಾನೊದ ಎಂ520 ಎಂಬ ಸಾದಾ ಮಾದರಿಯ ಜೊತೆ ಸುಮಾರು 380 ಗ್ರಾಂ ತೂಗುತ್ತದೆ. ಮೇಲ್ದರ್ಜೆಯ ರಸ್ತೆ ಪೆಡಲಿಗಿಂತ 152 ಗ್ರಾಂ ಹೆಚ್ಚು. ಮೇಲಿನ ಲೆಕ್ಕದಂತೆಯೇ ಇದು ಒಂದು ಗಂಟೆಯ ಏರಿನಲ್ಲಿ ಸುಮಾರು ಏಳು ಸೆಕೆಂಡಿನ ನಷ್ಟ. ಕ್ಲೀಟಿನ ಕೆಸರು ಕೆರೆಯುತ್ತ ನಿಲ್ಲುವ ಒಂದೇ ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.

ಗದ್ದೆಯ ಉದಾಹರಣೆ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಕೇರಳದ ಕುಟ್ಟನಾಡಿನ ಮಂಕೊಂಬು ಸಂಶೋಧನಾ ಕೇಂದ್ರದಿಂದ ಬಂದ ಎಂ.ಒ.-4 ಭತ್ತ ಕರಾವಳಿಯ ಬಯಲು ಗದ್ದೆಗಳಲ್ಲಿ ಹರಡಿದ್ದು ಪುಸ್ತಕದ ಇಳುವರಿ ನೋಡಿ ಅಲ್ಲ. ನೀರು ನಿಲ್ಲುವ ತಗ್ಗು ನೆಲಕ್ಕೆ ಅದು ಹೊಂದಿಕೊಂಡಿತು, ಕೆಂಪು ಕುಚ್ಚಲಕ್ಕಿಯ ಊಟಕ್ಕೂ ಒಪ್ಪಿತು. ರೈತ ತಳಿಯನ್ನು ಆರಿಸುವ ಈ ವಿವೇಕವನ್ನು ರೈತನ ಮಕ್ಕಳು ಸೈಕಲ್ ಅಂಗಡಿಯಲ್ಲಿ ಮರೆಯುವುದೇಕೆ?

ಕಾಲು ಬಿಡಿಸಿಕೊಳ್ಳುವ ಕ್ಷಣ

ಪೆಡಲಿನ ಆಯ್ಕೆಯಲ್ಲಿ ತೂಕಕ್ಕಿಂತಲೂ ಬೆಲೆಗಿಂತಲೂ ದೊಡ್ಡ ಪ್ರಶ್ನೆಯೊಂದಿದೆ: ಅಪಾಯ ಎದುರಾದಾಗ ಕಾಲು ಎಷ್ಟು ಬೇಗ ಹೊರಬರುತ್ತದೆ? ಹಿಂದೆ 17 ಎಂಬ ಸಂಖ್ಯೆ ಹೊತ್ತಿದ್ದ ಈಗಿನ ರಾಷ್ಟ್ರೀಯ ಹೆದ್ದಾರಿ 66 ಮೂರೂ ತಾಲ್ಲೂಕುಗಳ ಬೆನ್ನೆಲುಬು. ಅದು ಚತುಷ್ಪಥವಾದ ಮೇಲೆ ವಾಹನಗಳ ವೇಗ ಏರಿದೆ. ಸೈಕಲ್ ಸವಾರನ ಬಲಗಡೆಗೆ ಬಸ್ಸು, ಲಾರಿ, ಮೀನಿನ ಗಾಡಿಗಳ ಓಟ. ಎಡಗಡೆಗೆ ಅನೇಕ ಕಡೆ ಡಾಮರಿನ ಅಂಚು ಮುಗಿದು ತಗ್ಗಿನಲ್ಲಿ ಮಣ್ಣು, ಮಳೆಗಾಲದಲ್ಲಿ ನೀರು. ಕವಲು ದಾರಿಗಳಲ್ಲಿ ಎದುರುದಿಕ್ಕಿನಿಂದ ಬರುವ ವಾಹನಗಳೂ ಉಂಟು. ಇಂಥಲ್ಲಿ ಕಾಲು ಪೆಡಲಿಗೆ ಸಿಕ್ಕಿಕೊಂಡು ಸವಾರ ಬಲಕ್ಕೆ ಉರುಳಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ಹೊಸಬರು ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಪೆಡಲಿನ ಸ್ಪ್ರಿಂಗಿನ ಬಿಗಿಯನ್ನು ಅತಿ ಕನಿಷ್ಠ ಮಟ್ಟದಲ್ಲಿಡಬೇಕು. ಶಾಲೆಯ ಮೈದಾನದಲ್ಲೋ ಕೊಯ್ಲು ಮುಗಿದ ಗದ್ದೆಯಲ್ಲೋ ಹಾಕುವುದು, ಬಿಡಿಸುವುದು ಅಭ್ಯಾಸವಾಗುವ ತನಕ ಹೆದ್ದಾರಿಗೆ ಇಳಿಯಬಾರದು. ನಿಲ್ಲುವ ಸಂದರ್ಭ ದೂರದಲ್ಲಿ ಕಂಡೊಡನೆ ಎಡಗಾಲನ್ನು ಮೊದಲು ಬಿಡಿಸಿ, ಎಡಕ್ಕೆ ವಾಲಿ, ಎಡಗಾಲನ್ನೇ ಊರಬೇಕು. ರಸ್ತೆ ಪೆಡಲನ್ನೇ ಕೊಳ್ಳುವವರು ಕ್ಲೀಟಿನ ಬಣ್ಣವನ್ನು ಗಮನಿಸಬೇಕು. ಶಿಮಾನೊ ರಸ್ತೆ ಕ್ಲೀಟಿನಲ್ಲಿ ಕೆಂಪಿಗೆ ಪಾದ ಅಲುಗಲು ಅವಕಾಶವಿಲ್ಲ, ನೀಲಿಗೆ 2 ಡಿಗ್ರಿ, ಹಳದಿಗೆ 6 ಡಿಗ್ರಿ ಅವಕಾಶ. ಮಂಡಿಯ ಕ್ಷೇಮಕ್ಕೆ ಹೊಸಬರಿಗೆ ಹಳದಿಯೇ ಹಿತ. ಇವಾವುದಕ್ಕೂ ಪೆಡಲಿನ ದರ್ಜೆಗೂ ಸಂಬಂಧವಿಲ್ಲ ಎಂಬುದು ಗಮನಾರ್ಹ. ಪೇಟೆಯೊಳಗಿನ ಓಡಾಟಕ್ಕೆ, ತರಕಾರಿ ತರಲಿಕ್ಕೆ, ಕಾಲೇಜಿಗೆ ಹೋಗಿಬರಲಿಕ್ಕೆ ಕ್ಲಿಪ್‌ಲೆಸ್ಸೇ ಬೇಕಿಲ್ಲ. ಅಗಲವಾದ ಒಳ್ಳೆಯ ಚಪ್ಪಟೆ ಪೆಡಲು ಸಾಕು. ಹಾಗೆ ಹೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಲೋಹ ಎಲ್ಲಿಂದ ಬರುತ್ತದೆ?

ಇನ್ನು ಬೆಟ್ಟದ ಮಾತು. ಪೆಡಲಿನ ಉಕ್ಕಾಗಲಿ, ಟೈಟಾನಿಯಮ್ಮಾಗಲಿ ಯಾವುದೋ ಒಂದು ನೆಲವನ್ನು ಅಗೆದೇ ಬರಬೇಕು. ಕುದುರೆಮುಖದ ಕಬ್ಬಿಣದ ಗಣಿ ಭದ್ರೆಯ ನೀರಿಗೆ, ಕಾಡಿಗೆ ಏನು ಮಾಡಿತೆಂಬುದು ಮಲೆನಾಡಿಗೆ ತಿಳಿದಿದೆ. ದೀರ್ಘ ಹೋರಾಟದ ಫಲವಾಗಿ, ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯಲ್ಲಿ ಅದು ನಿಂತಿತು. ಟೈಟಾನಿಯಂ ದೊರಕುವ ಅದಿರುಗಳಲ್ಲಿ ಮುಖ್ಯವಾದ ಇಲ್ಮನೈಟ್ ಇದೇ ಪಶ್ಚಿಮ ಕರಾವಳಿಯ ದಕ್ಷಿಣಕ್ಕೆ, ಕೇರಳದ ಚವರದ ಕಡಲ ಮರಳಿನಲ್ಲಿದೆ. ಅಲ್ಲಿಯ ಮರಳು ಗಣಿಗಾರಿಕೆಯ ವಿರುದ್ಧ ಕಡಲ ತಡಿಯ ಜನ ದನಿಯೆತ್ತಿದ್ದಾರೆ. ಯಾವುದೋ ಒಂದು ಪೆಡಲಿನ ಲೋಹ ಅಲ್ಲಿಂದಲೇ ಬಂದಿತೆಂದು ಇದರ ಅರ್ಥವಲ್ಲ. ಅದಿರಿನಿಂದ ಟೈಟಾನಿಯಂ ಲೋಹವನ್ನು ಬೇರ್ಪಡಿಸಲು ಉಕ್ಕಿಗಿಂತ ಎಷ್ಟೋ ಹೆಚ್ಚು ಶಕ್ತಿ ಬೇಕೆಂಬುದು ಮಾತ್ರ ನಿಶ್ಚಿತ. ಕೊನೆಗೆ ಉಕ್ಕಿನ ಹಳೆಯ ಪೆಡಲನ್ನು ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಅದು ಕರಗಿ ಮತ್ತೆ ಉಕ್ಕಾಗುತ್ತದೆ. ಕಾರ್ಬನ್ ಬೆರೆತ ಪ್ಲಾಸ್ಟಿಕ್ಕನ್ನು ಅವನು ಮುಟ್ಟುವುದಿಲ್ಲ.

ಒಂದು ಜೊತೆ ಪೆಡಲಿನಿಂದ ಬೆಟ್ಟ ಕರಗುವುದಿಲ್ಲ, ನಿಜ. ಆದರೆ ಕೆಲಸಕ್ಕೆ ಬೇಕಾದಷ್ಟರ ಮೇಲೆ ಇನ್ನಷ್ಟು ಹಗುರ, ಇನ್ನಷ್ಟು ಹೊಸದು ಎಂಬ ಹಂಬಲವನ್ನು ಮಾರುಕಟ್ಟೆ ಬೆಳೆಸುತ್ತ ಹೋದಂತೆ ಯಾರದೋ ಊರಿನ ಬೆಟ್ಟ ಕರಗುತ್ತದೆ. ಸೈಕಲ್ಲು ತುಳಿಯುವುದೇ ಪರಿಸರ ಪ್ರೇಮವೆಂದು ನಂಬಿರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಡವೆ?

ಇನ್ನೊಬ್ಬ ಸವಾರ

ಮೊದಲಿಗೆ ಹೇಳಿದ ಇನ್ನೊಂದು ಗುಂಪಿನ ಸವಾರರನ್ನು ಮರೆತು ಈ ಚರ್ಚೆ ಪೂರ್ತಿಯಾಗದು. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆ ಎಂಟನೆಯ ತರಗತಿಯ ಮಕ್ಕಳ ಕೈಗೆ, ಅದರಲ್ಲೂ ಹೆಣ್ಣುಮಕ್ಕಳ ಕೈಗೆ, ಸೈಕಲ್ಲು ಕೊಟ್ಟಿತು. ಬಸ್ಸು ಬಾರದ ಒಳಹಳ್ಳಿಗಳಿಂದ ಪ್ರೌಢಶಾಲೆಗೆ ಬರುವ ಮಕ್ಕಳಿಗೆ ಅದು ದೊಡ್ಡ ಆಸರೆ. ಕೋವಿಡ್ ಬಂದ 2020ರಲ್ಲಿ ಆ ವಿತರಣೆ ನಿಂತುಹೋಯಿತು. ಪೇಟೆಯ ಮೂಲೆಗಳಲ್ಲಿದ್ದ ಸೈಕಲ್ ರಿಪೇರಿ ಅಂಗಡಿಗಳು ಒಂದೊಂದಾಗಿ ಬಾಗಿಲು ಮುಚ್ಚಿವೆ. ಉಳಿದವು ಬೈಕಿನ ಪಂಕ್ಚರ್ ಅಂಗಡಿಗಳಾಗಿವೆ. ಹವ್ಯಾಸಿ ಸವಾರರ ಪೆಡಲು ಕೆಟ್ಟರೆ ಅದನ್ನು ಮಂಗಳೂರಿಗೋ ಬೆಂಗಳೂರಿಗೋ ಕಳಿಸುವ ಅನುಕೂಲ ಅವರಿಗಿದೆ. ಶಾಲೆಯ ಹುಡುಗಿಯ ಪೆಡಲಿನ ಅಚ್ಚು ಮುರಿದರೆ ಆ ಸೈಕಲ್ಲು ಹಿತ್ತಿಲಿನ ಕೊಟ್ಟಿಗೆ ಸೇರುತ್ತದೆ.

ಮಧ್ಯಮ ದರ್ಜೆಯ ಪೆಡಲಿನಿಂದ ಉಳಿದ ಹಣ ಎಲ್ಲಿಗೆ ಹೋಗಬೇಕೆಂಬುದಕ್ಕೆ ಉತ್ತರ ಇಲ್ಲಿದೆ. ಮೊದಲು ಸ್ವಂತ ಸೈಕಲ್ಲಿನ ಬ್ರೇಕಿಗೆ, ಹಿಂದು ಮುಂದಿನ ದೀಪಗಳಿಗೆ, ಕೆಸರು ತಡೆಯುವ ಮಡ್ಗಾರ್ಡಿಗೆ. ಬಳಿಕ ಊರಿನ ರಿಪೇರಿಯವನ ಕೈಗೆ. ಅವನಿಗೆ ಅಲೆನ್ ಕೀ, ಬೇರಿಂಗು ಬಿಚ್ಚುವ ಸಾಧನ, ಒಳ್ಳೆಯ ಗ್ರೀಸು ಒದಗಿದರೆ ಹವ್ಯಾಸಿಯ ಸೈಕಲ್ಲೂ ಶಾಲೆಯ ಸೈಕಲ್ಲೂ ಒಂದೇ ಅಂಗಡಿಯಲ್ಲಿ ದುರಸ್ತಿಯಾಗುತ್ತವೆ, ಅಂಗಡಿಯೂ ಉಳಿಯುತ್ತದೆ. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ಮಳೆಗಾಲ ಕಳೆದ ಮೇಲೆ ಪ್ರೌಢಶಾಲೆಗಳಲ್ಲಿ ಒಂದೊಂದು ದಿನ ಸೈಕಲ್ ದುರಸ್ತಿ ಶಿಬಿರ ನಡೆಸಿದರೆ, ಕೊಟ್ಟಿಗೆ ಸೇರಿದ ಎಷ್ಟೋ ಸೈಕಲ್ಲುಗಳು ಮತ್ತೆ ರಸ್ತೆಗೆ ಬಂದಾವು.

ಎಲ್ಲಕ್ಕಿಂತ ಮುಖ್ಯವಾದುದು ರಸ್ತೆಯ ಅಂಚು. ಭಾರತೀಯ ರಸ್ತೆ ಕಾಂಗ್ರೆಸ್ 1962ರಷ್ಟು ಹಿಂದೆಯೇ ಸೈಕಲ್ ಪಥಗಳ ವಿನ್ಯಾಸಕ್ಕೆ ಶಿಫಾರಸುಗಳನ್ನು ಪ್ರಕಟಿಸಿ, 2015ರಲ್ಲಿ ಅವನ್ನು ಪರಿಷ್ಕರಿಸಿದೆ. ಪುಸ್ತಕದಲ್ಲಿರುವುದು ರಸ್ತೆಗೆ ಇಳಿಯಬೇಕಾದರೆ ಕೇಳುವವರು ಬೇಕು. ಬೈಂದೂರು, ಬ್ರಹ್ಮಾವರಗಳು 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ಆಡಳಿತ ಜನರಿಗೆ ಒಂದು ಹೆಜ್ಜೆ ಹತ್ತಿರವಾಗಿದೆ. ಡಾಮರಿನ ಅಂಚನ್ನು ಮಣ್ಣಿನ ಮಟ್ಟಕ್ಕೆ ಸರಿಸಮ ಮಾಡುವುದು, ಸರ್ವಿಸ್ ರಸ್ತೆ ಇಲ್ಲದೆಡೆ ಸೈಕಲ್ಲಿಗೆ ಗುರುತು ಹಾಕಿದ ಜಾಗ ಬಿಡುವುದು, ಶಾಲೆಗಳ ಎದುರು ವಾಹನಗಳ ವೇಗ ತಗ್ಗಿಸುವುದು, ಇವು ಕೋಟಿ ರೂಪಾಯಿಯ ಬೇಡಿಕೆಗಳಲ್ಲ. ಗ್ರಾಮಸಭೆಗಳಲ್ಲಿ ಈ ಮಾತನ್ನು ಶಾಲೆಯ ಮಗುವಿನ ತಂದೆತಾಯಿ ಒಬ್ಬರೇ ಎತ್ತಿದರೆ ಕೇಳುವವರು ಕಡಿಮೆ. ಹೆಲ್ಮೆಟ್ಟು ತೊಟ್ಟ ಹವ್ಯಾಸಿ ಸವಾರರೂ, ಅವರಲ್ಲಿರುವ ವೈದ್ಯರೂ ಇಂಜಿನಿಯರರೂ ವಿದ್ಯಾರ್ಥಿಗಳೂ ಜೊತೆಗೂಡಿ ಎತ್ತಿದರೆ ಕೇಳದೆ ಇರಲಾಗದು. ಇಬ್ಬರಿಗೂ ಬೇಕಾಗಿರುವುದು ಅದೇ ಮೂರು ಅಡಿ ಅಗಲದ ಅಂಚು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬಡತನದ ಬುದ್ಧಿವಾದವೆಂದು ತಿಳಿಯುವವರಿದ್ದಾರೆ. ಸೈಕಲ್ಲಿನ ಮಟ್ಟಿಗೆ ಅದು ವಿಜ್ಞಾನದ ಮಾತೂ ಹೌದು. ಈ ಮಳೆ, ಈ ಉಪ್ಪು, ಈ ಮುರಕಲ್ಲು, ಈ ಹೆದ್ದಾರಿಗೆ ತಕ್ಕ ಪೆಡಲು ಮಧ್ಯಮ ದರ್ಜೆಯ, ಊರಿನಲ್ಲೇ ಬಿಚ್ಚಿ ಸರಿಪಡಿಸಬಹುದಾದ, ಕಾಲನ್ನು ಬೇಗ ಬಿಟ್ಟುಕೊಡುವ ಪೆಡಲು. ಅದನ್ನು ಕೊಂಡು, ಮಿಕ್ಕ ಹಣವನ್ನೂ ದನಿಯನ್ನೂ ರಸ್ತೆಯ ಅಂಚಿಗಾಗಿ ವ್ಯಯಿಸುವ ಸವಾರರ ಸಂಖ್ಯೆ ಬೆಳೆಯಲಿ.